ಸಾಗರಕಟ್ಟೆಯ ರೈಲು ಸೇತುವೆ

ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಶಾಸನಗಳನ್ನೂ ಕೋಟೆಗಳನ್ನೂ ಅರಸಿಕೊಂಡು ದೂರ ಹೋಗುತ್ತೇವೆ. ದಿನವೂ ದಾಟುವ ಸೇತುವೆಯ ಚರಿತ್ರೆಯನ್ನು ವಿಚಾರಿಸುವವರು ವಿರಳ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ—ಈ ನಾಲ್ಕು ತಾಲ್ಲೂಕುಗಳಲ್ಲಿ ರೈಲುದಾರಿಯಿರುವುದು ಕೃಷ್ಣರಾಜನಗರಕ್ಕೆ ಮಾತ್ರ. ಮೈಸೂರಿನಿಂದ ಅಲ್ಲಿಗೆ ಹೋಗುವ ರೈಲು ಕನ್ನಂಬಾಡಿಯ ಹಿನ್ನೀರನ್ನು ದಾಟುವ ಸಾಗರಕಟ್ಟೆಯ ಸೇತುವೆಯನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದುದು 1882ರಲ್ಲಿ. ಆದರೂ ಮೈಸೂರಿನವರು ರೈಲಿನಲ್ಲಿ ಹುಬ್ಬಳ್ಳಿಯ ಕಡೆಗೆ ಹೋಗಬೇಕಾದರೆ ಬೆಂಗಳೂರನ್ನು ಸುತ್ತಬೇಕಾಗಿತ್ತು. ಆ ಸುತ್ತನ್ನು ತಪ್ಪಿಸಿದುದು ಮೈಸೂರು–ಅರಸೀಕೆರೆ ಮಾರ್ಗ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–18ರ ಅವಧಿಯಲ್ಲಿ ಸಂಸ್ಥಾನವು ಇದನ್ನು ಮೀಟರ್ ಗೇಜಿನಲ್ಲಿ ನಿರ್ಮಿಸಿತು.

ಇತ್ತ ಹಳಿ ಹಾಕುತ್ತಿದ್ದಾಗಲೇ ಅತ್ತ ಕಟ್ಟೆಯೂ ಏಳುತ್ತಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಮೊದಲು 80 ಅಡಿಗಳ ಮಟ್ಟಕ್ಕೂ, ಅನಂತರ 124 ಅಡಿಗಳಿಗೂ ಏರಿಸುವುದೆಂದು ಯೋಜಿಸಲಾಗಿತ್ತು. ಮದರಾಸಿನೊಡನೆ 1924ರಲ್ಲಿ ಒಪ್ಪಂದವಾಯಿತು; 1930ರ ದಶಕದ ಆರಂಭದಲ್ಲಿ ಕೆಲಸ ಮುಗಿಯಿತು. ಕೊಡಗಿನಲ್ಲಿ ಹುಟ್ಟಿ ಹುಣಸೂರಿನ ಮೇಲೆ ಹರಿದುಬರುವ ಲಕ್ಷ್ಮಣತೀರ್ಥವೂ ಈ ಜಲಾಶಯವನ್ನೇ ಸೇರುತ್ತದೆ.

ಹರಿಯುವ ನದಿಯ ಸೇತುವೆಗೆ ಪ್ರವಾಹವೇ ಶತ್ರು. ವೇಗದ ನೀರು ಕಂಬದ ಬುಡದ ಮರಳನ್ನು ಕೊರೆಯುವುದರಿಂದ ಅಡಿಪಾಯವನ್ನು ಆ ಕೊರೆತಕ್ಕಿಂತ ಆಳಕ್ಕೆ ಇಳಿಸಬೇಕು. ಹಿನ್ನೀರಿನಲ್ಲಾದರೋ ವೇಗ ತಗ್ಗಿ ಹೂಳು ನಿಲ್ಲುತ್ತದೆ; ಆದರೆ ಕಂಬಗಳು ತಿಂಗಳುಗಟ್ಟಲೆ ನೀರಿನಲ್ಲಿ ನೆನೆದು, ಬೇಸಿಗೆಯಲ್ಲಿ ಒಣಗುತ್ತವೆ. ನೀರು ಇಳಿದ ಕಾಲದಲ್ಲಿ ನಾನು ಅಲ್ಲಿ ನಿಂತು ನೋಡಿದ್ದೇನೆ: ಕಂಬಗಳ ಮೈಮೇಲೆ ನೀರಿನ ಗೆರೆಗಳು ಒಂದರ ಕೆಳಗೊಂದು ಮೂಡಿರುತ್ತವೆ, ತೇವ ಆರದ ನೆಲದಲ್ಲಿ ರೈತರು ಬೆಳೆ ಇಡುತ್ತಾರೆ.

ಈ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯದ ಸೀಮೆಯನ್ನು ಹಸಿರಾಗಿಸಿತು. ಅದಕ್ಕಾಗಿ ಮುಳುಗಿದುದು ಮೇಲಿನವರ ಮನೆ, ಹೊಲ, ದೇವಸ್ಥಾನ. ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿ ಗ್ರಾಮವೇ ನೀರಿನ ಪಾಲಾಯಿತು. ಕಟ್ಟೆಯ ಎತ್ತರ ನಮಗೆಲ್ಲ ಬಾಯಿಪಾಠ. ಮುಳುಗಿದ ಊರುಗಳ ಹೆಸರು ಕೇಳಿದರೆ ನಮ್ಮಲ್ಲಿ ಹಲವರು ತಡವರಿಸುತ್ತೇವೆ.

ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂದಿದೆ. ಹುಣಸೂರು, ಪಿರಿಯಾಪಟ್ಟಣಗಳಿಗೆ ಮಾತ್ರ ಇನ್ನೂ ರೈಲು ಬಂದಿಲ್ಲ. ಮೈಸೂರು–ಕುಶಾಲನಗರ ಮಾರ್ಗದ ಬೇಡಿಕೆ ಬಹುಕಾಲದ್ದು. ಆ ಮಾರ್ಗ ಬರಲೆಂದೇ ನಾನೂ ಹಾರೈಸುತ್ತೇನೆ. ಬಂದಾಗ ಹಳಿಯ ಉದ್ದ, ಸೇತುವೆಯ ಕಂಬಗಳ ಲೆಕ್ಕದೊಡನೆ, ಯಾವ ಊರಿನ ಎಷ್ಟು ಹೊಲ ಹೋಯಿತೆಂಬುದನ್ನೂ ನಮ್ಮ ವಿದ್ಯಾರ್ಥಿಗಳು ಆಗಲೇ ಬರೆದಿಡಲಿ.