ಅಸ್ಕರ್‌ಗೆ ಹೋಗುವ ಮೊದಲು ಅಪ್ರೆಂಟಿಸ್ ಆಗಲಿ

ಬಹ್ರೇನ್‌ನಲ್ಲಿ ನೆಲೆಸಿದ ನಮ್ಮ ಕರಾವಳಿಯ ಮನೆಗಳಲ್ಲಿ ಹುಡುಗನ ಹನ್ನೆರಡನೇ ತರಗತಿಯ ಅಂಕ ಅಂದುಕೊಂಡಷ್ಟು ಬರಲಿಲ್ಲವೆಂದರೆ ಒಂದು ಮಾತು ಬೇಗ ಹೊರಬೀಳುತ್ತದೆ: "ಅಸ್ಕರ್ ಕಡೆ ಯಾವುದಾದರೂ ಕಂಪನಿಗೆ ಹಾಕಿಬಿಡೋಣ, ಮಾಡ್ತಾ ಮಾಡ್ತಾ ಕಲೀತಾನೆ." ಊರಿನಲ್ಲಿರುವ ಅಣ್ಣನೂ ಫೋನ್ ಮಾಡಿ ತನ್ನ ಮಗನಿಗಾಗಿ ಇದನ್ನೇ ಕೇಳುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕ್ರಮ ತಿರುಗುಮುರುಗಾಗಿದೆ. ಎಂಜಿನಿಯರಿಂಗ್ ಕಂಪನಿಯಲ್ಲಿ ಕಲಿಯಲು ಸೇರುವುದೇ ಬೇರೆ, ದುಡಿಯಲು ಸೇರುವುದೇ ಬೇರೆ. ನಮ್ಮ ಮಕ್ಕಳಿಗೆ ಮೊದಲನೆಯದು ಕರ್ನಾಟಕದಲ್ಲಿ ಸಿಗುತ್ತದೆ. ಅಸ್ಕರ್ ಎರಡನೆಯದಕ್ಕೆ ಇರುವ ಜಾಗ.

ಮನಾಮದಿಂದ ದಕ್ಷಿಣಕ್ಕೆ, ಪೂರ್ವ ಕರಾವಳಿಯಲ್ಲಿರುವ ಹಳ್ಳಿ ಅಸ್ಕರ್. ಊರು ಚಿಕ್ಕದು, ಅದರ ಪಕ್ಕದ ಕಾರ್ಖಾನೆ ಬಹಳ ದೊಡ್ಡದು. ಅಲ್ಯೂಮಿನಿಯಂ ಬಹ್ರೇನ್, ಎಲ್ಲರ ಬಾಯಲ್ಲಿ ಆಲ್ಬಾ, 1971ರಲ್ಲಿ ಉತ್ಪಾದನೆ ಶುರುಮಾಡಿದಾಗ ವರ್ಷಕ್ಕೆ 1,20,000 ಟನ್ ಸಾಮರ್ಥ್ಯದ್ದಾಗಿತ್ತು. ಆರನೇ ಉತ್ಪಾದನಾ ಸಾಲು ಸೇರಿದ ಮೇಲೆ ಈಗ 16 ಲಕ್ಷ ಟನ್ ದಾಟಿದೆ. ಇಷ್ಟು ದೊಡ್ಡ ಕಾರ್ಖಾನೆಯ ಸುತ್ತ ಫ್ಯಾಬ್ರಿಕೇಶನ್ ಶೆಡ್ಡುಗಳು, ಮೆಷಿನ್ ಶಾಪುಗಳು, ನಿರ್ವಹಣೆಯ ಗುತ್ತಿಗೆದಾರರು ಬೆಳೆದುಕೊಳ್ಳುವುದು ಸಹಜ. ಭಾರತದಿಂದ ಹೋದ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೆ ಹೆಚ್ಚಾಗಿ ಸಿಗುವುದು ಈ ಗುತ್ತಿಗೆಯ ಕೆಲಸ.

ಹಾಗಾದರೆ ಆಲ್ಬಾದಂಥ ಕಂಪನಿಯಲ್ಲೇ ಅಪ್ರೆಂಟಿಸ್ ಮಾಡಿಸಬಾರದೇ ಎಂದು ಪೋಷಕರು ಕೇಳುತ್ತಾರೆ. ಅಲ್ಲಿಯ ದೊಡ್ಡ ಕಂಪನಿಗಳ ತರಬೇತಿ ಯೋಜನೆಗಳು ಮುಖ್ಯವಾಗಿ ಬಹ್ರೇನಿ ಯುವಕ ಯುವತಿಯರಿಗಾಗಿ ಇರುವಂಥವು. ತಮ್ಕೀನ್ ಎಂಬ ಸರ್ಕಾರಿ ಸಂಸ್ಥೆ 2006ರಲ್ಲಿ ಹುಟ್ಟಿದ್ದರ ಒಂದು ಮುಖ್ಯ ಉದ್ದೇಶವೇ ಆ ದೇಶದವರನ್ನು ಖಾಸಗಿ ಉದ್ಯೋಗಕ್ಕೆ ಸಿದ್ಧಗೊಳಿಸುವುದು. ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ, ಯಾವ ದೇಶವಾದರೂ ಮೊದಲು ತನ್ನ ಮಕ್ಕಳಿಗೆ ಕಲಿಸುತ್ತದೆ. ಇನ್ನು ಅಪ್ಪನ ಜೊತೆ ಕುಟುಂಬ ವೀಸಾದಲ್ಲಿರುವ ಹುಡುಗನಿಗೆ ಆ ವೀಸಾ ಕೆಲಸ ಮಾಡುವ ಹಕ್ಕು ಕೊಡುವುದಿಲ್ಲ. ಪರವಾನಗಿ ಮಾಡಿಸಿ ಗುತ್ತಿಗೆ ಕಂಪನಿಗೆ ಸೇರಿಸಿದಿರಿ ಎನ್ನಿ, ಕೈಯಲ್ಲಿ ಕಸುಬಿನ ಸರ್ಟಿಫಿಕೇಟ್ ಇಲ್ಲದವನು ಅಲ್ಲಿ ಹೆಲ್ಪರ್. ಪೈಪ್ ಹಿಡಿಯುತ್ತಾನೆ, ಗ್ರೈಂಡರ್‌ನ ಕೇಬಲ್ ಎಳೆಯುತ್ತಾನೆ, ಸಾಮಾನು ಹೊರುತ್ತಾನೆ. ಕಣ್ಣಿದ್ದವನು ನೋಡಿ ಸ್ವಲ್ಪ ಕಲಿಯುತ್ತಾನೆ, ನಿಜ. ಆದರೆ ಕಲಿಸುವುದು ಯಾರ ಕರ್ತವ್ಯವೂ ಅಲ್ಲ. ಐದು ವರ್ಷ ಕಳೆದರೂ ಅವನ ಕಾಗದದಲ್ಲಿ ಹೆಲ್ಪರ್ ಎಂದೇ ಇರುತ್ತದೆ.

ಅಪ್ರೆಂಟಿಸ್ ಕರಾರಿನಲ್ಲಿ ಕಲಿಸುವುದೇ ಕಂಪನಿಯ ಕರ್ತವ್ಯ. ನಮ್ಮಲ್ಲಿ ಇದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕನಿಷ್ಠ ವಯಸ್ಸು 14, ಅಪಾಯಕಾರಿ ಉದ್ದಿಮೆಗಳಲ್ಲಿ 18. ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ಮಂಗಳೂರಿನ ಎಂಆರ್‌ಪಿಎಲ್ ಮೊದಲಾದವು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತಾ ಬಂದಿವೆ. ಪೀಣ್ಯ, ಬೈಕಂಪಾಡಿಗಳ ಸಣ್ಣ ಕಾರ್ಖಾನೆಗಳೂ ಇವೆ. ನನ್ನನ್ನು ಕೇಳಿದರೆ ಸಣ್ಣದನ್ನು ತಳ್ಳಿಹಾಕಬೇಡಿ. ದೊಡ್ಡ ಕಂಪನಿಯ ಹೆಸರು ಸರ್ಟಿಫಿಕೇಟಿಗೆ ತೂಕ ಕೊಡುತ್ತದೆ, ಆದರೆ ಅಲ್ಲಿ ಒಂದೇ ವಿಭಾಗದಲ್ಲಿ ವರ್ಷ ಮುಗಿದುಹೋಗಬಹುದು. ಸಣ್ಣ ಶಾಪಿನಲ್ಲಿ ಮೇಸ್ತ್ರಿ ಒಳ್ಳೆಯವನಾಗಿದ್ದರೆ ಲೇತ್, ಮಿಲ್ಲಿಂಗ್, ವೆಲ್ಡಿಂಗ್ ಎಲ್ಲಕ್ಕೂ ಕೈ ಹಾಕುವ ಅವಕಾಶ ಸಿಗುತ್ತದೆ.

ಹಣದ ವಿಚಾರ ಮೊದಲೇ ಹೇಳಿಬಿಡುತ್ತೇನೆ. ಸಿಗುವುದು ಸಂಬಳವಲ್ಲ, ಸ್ಟೈಪೆಂಡ್. 2019ರ ತಿದ್ದುಪಡಿಯಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ ಐಟಿಐ ಆದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ರೂಪಾಯಿ ಆಗಿತ್ತು. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಏಕೆಂದರೆ ಕಾನೂನಿನ ಕಣ್ಣಿಗೆ ಅಪ್ರೆಂಟಿಸ್ ಕಾರ್ಮಿಕನಲ್ಲ, ಕಲಿಯುವವನು. ಆದರೂ ಕೆಲಸದಲ್ಲಿ ಗಾಯವಾದರೆ ಪರಿಹಾರದ ಹಕ್ಕು ಅವನಿಗಿದೆ. ತರಬೇತಿ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕೆಂಬ ನಿಯಮವಿಲ್ಲ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟಕ್ಕೇ ಈ ಹಣ ಸಾಲದು, ಮನೆಯಿಂದ ಸ್ವಲ್ಪ ಕಳುಹಿಸಬೇಕಾಗುತ್ತದೆ. ಕಾಲೇಜಿಗಾದರೆ ಫೀಸು ಕಟ್ಟಲು ಸಿದ್ಧರಿರುವ ಅಪ್ಪಂದಿರು ಇಲ್ಲಿ ಮಾತ್ರ "ಇಷ್ಟೇನಾ ಕೊಡೋದು" ಎಂದು ಮುಖ ಸಿಂಡರಿಸುವುದು ನನಗೆ ಇವತ್ತಿಗೂ ವಿಚಿತ್ರವಾಗಿ ಕಾಣುತ್ತದೆ.

ಇನ್ನು ಆ ದಿನಗಳು ಹೇಗಿರುತ್ತವೆ? ಮೊದಲ ತಿಂಗಳುಗಳು ಬೇಸರ ತರಿಸುತ್ತವೆ. ದೊಡ್ಡ ಯಂತ್ರ ನಡೆಸುವ ಕನಸು ಹೊತ್ತು ಹೋದವನ ಕೈಗೆ ಒಂದು ಫೈಲ್, ಒಂದು ಕಬ್ಬಿಣದ ತುಂಡು ಕೊಟ್ಟು ವೈಸಿನ ಮುಂದೆ ನಿಲ್ಲಿಸುತ್ತಾರೆ. ನಾಲ್ಕೂ ಮೂಲೆ ನೇರ ಬರುವವರೆಗೆ ಉಜ್ಜಬೇಕು. ಬೆಳಕಿಗೆ ಹಿಡಿದು ಟ್ರೈ ಸ್ಕ್ವೇರ್ ಇಟ್ಟಾಗ ಸಂದಿಯಿಂದ ಬೆಳಕು ಇಣುಕಿದರೆ ಮತ್ತೆ ಉಜ್ಜು. ಅಂಗೈಯಲ್ಲಿ ಬೊಬ್ಬೆ ಬರುತ್ತದೆ. ಐಟಿಐಯಲ್ಲಿ ಇದನ್ನೆಲ್ಲ ಮಾಡಿ ಬಂದವನಿಗೂ ಕೆಲವು ಕಡೆ ಮತ್ತೆ ಮಾಡಿಸುತ್ತಾರೆ. ಇದು ಶಿಕ್ಷೆಯಲ್ಲ. ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗ ತೋರಿಸುವ ವರ್ನಿಯರ್ ಕ್ಯಾಲಿಪರ್ ಓದುವುದನ್ನು ಪುಸ್ತಕದಿಂದ ಒಂದು ಗಂಟೆಯಲ್ಲಿ ಕಲಿಯಬಹುದು. ಅಷ್ಟು ಸೂಕ್ಷ್ಮವಾಗಿ ಕಬ್ಬಿಣ ತೆಗೆಯುವುದು ಮಾತ್ರ ಕೈಗೆ ಬರಬೇಕಾದ ವಿದ್ಯೆ, ವೀಣೆ ಕಲಿಯುವವರು ಸರಳೆವರಸೆ ಬಾರಿಸಿದ ಹಾಗೆ.

ಎರಡನೆಯ ಕಷ್ಟ ಮನುಷ್ಯರದು. ಶಾಲೆಯಲ್ಲಿ ಎಲ್ಲರೂ ಅವನ ವಯಸ್ಸಿನವರಾಗಿದ್ದರು. ಶಾಪ್ ಫ್ಲೋರಿನಲ್ಲಿ ಐವತ್ತು ದಾಟಿದ ಫಿಟ್ಟರ್ ಜೊತೆ ದಿನವಿಡೀ ನಿಲ್ಲಬೇಕು. ಆತ ವಿವರಿಸುವುದಿಲ್ಲ, ಮಾಡಿ ತೋರಿಸುತ್ತಾನೆ. ತಪ್ಪಿದರೆ ನಾಲ್ಕು ಜನರ ಎದುರಿಗೇ ಬೈಯುತ್ತಾನೆ. ಟೀ ತರಿಸುತ್ತಾನೆ, ನೆಲ ಗುಡಿಸಲು ಹೇಳುತ್ತಾನೆ. ಶಿಫ್ಟ್ ಮುಗಿದ ಮೇಲೆ ಯಂತ್ರದ ಚೂರು ತೆಗೆದು ಒರೆಸಿಡುವುದು ಕಸುಬಿನ ಭಾಗವೇ, ಅದಕ್ಕೆ ಅವಮಾನಪಡಬೇಕಿಲ್ಲ. ವರ್ಷವಿಡೀ ಬರೀ ಗುಡಿಸುವುದೇ ಆದರೆ ಅದು ಬೇರೆ ವಿಷಯ.

ಈ ಎರಡರ ನಡುವಿನ ಗೆರೆ ಪೋಷಕರಿಗೆ ದೂರದಿಂದ ಕಾಣುವುದಿಲ್ಲ. ಅದಕ್ಕೆ ನಾನು ಹೇಳುವ ಉಪಾಯ, ಲಾಗ್ ಬುಕ್ ನೋಡಿ. ದಿನದಿನದ ಕೆಲಸವನ್ನು ಹುಡುಗ ಅದರಲ್ಲಿ ಬರೆದು ಮೇಲ್ವಿಚಾರಕರ ಸಹಿ ಹಾಕಿಸಬೇಕು. ತಿಂಗಳಿಗೊಮ್ಮೆ ಅದರ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲು ಹೇಳಿ. ಜನವರಿಯಲ್ಲಿ ಬರೆದದ್ದೇ ಜುಲೈಯಲ್ಲೂ ಇದ್ದರೆ, ಪುಟಗಳು ಖಾಲಿ ಇದ್ದರೆ, ಸಹಿಗಳೆಲ್ಲ ಒಂದೇ ದಿನ ಹಾಕಿದಂತಿದ್ದರೆ ಕೇಳುವ ಕಾಲ ಬಂದಿದೆ. ಮೊದಲು ತರಬೇತಿ ಅಧಿಕಾರಿಯನ್ನು ಕೇಳಿ. ಉತ್ತರ ಸಿಗದಿದ್ದರೆ ಕಾಯ್ದೆಯಡಿ ನೇಮಕವಾದ ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ಬರೆಯಬಹುದು. ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ ಎಂಬುದೂ ನೆನಪಿರಲಿ.

ಮೂರನೇ ತಿಂಗಳ ಹೊತ್ತಿಗೆ ಸಾಮಾನ್ಯವಾಗಿ ಒಂದು ಫೋನ್ ಬರುತ್ತದೆ: "ಅಪ್ಪ, ಇದು ನನಗೆ ಆಗಲ್ಲ." ಆಗ ಬೈಯಬೇಡಿ, ಹಾಗೆಂದು ಅವತ್ತೇ ವಾಪಸ್ ಕರೆಸಿಕೊಳ್ಳಲೂ ಬೇಡಿ. ಏನು ಆಗುತ್ತಿಲ್ಲ ಎಂದು ಕೇಳಿ. ಬೆಳಿಗ್ಗೆ ಬೇಗ ಏಳುವುದು, ಕಾಲು ನೋವು, ಒಂಟಿತನ, ಬೈಗುಳ, ಇವು ಬಹುಪಾಲು ತಿಳಿಯಾಗುವಂಥವು. ರಕ್ಷಣಾ ಕವಚ ತೆಗೆದ ಯಂತ್ರದಲ್ಲಿ ಕೆಲಸ ಮಾಡಿಸುತ್ತಾರೆ, ಸುರಕ್ಷತೆಯ ಕನ್ನಡಕ, ಶೂ ಕೊಡುವುದಿಲ್ಲ, ಕೈ ಮಾಡುತ್ತಾರೆ ಎಂದರೆ ತಾಳ್ಮೆಯ ಪಾಠ ಹೇಳಬೇಡಿ, ತಕ್ಷಣ ಹೋಗಿ. ಮಗಳಾಗಿದ್ದರೆ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ರಾತ್ರಿ ಶಿಫ್ಟಿನ ವಾಹನದ ಬಗ್ಗೆ ಸೇರಿಸುವ ಮುನ್ನವೇ ಕೇಳಿಕೊಳ್ಳಿ. ಮಷಿನಿಸ್ಟ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಕಸುಬಿಗೆ ಹುಡುಗಿಯರು ಯಾವ ರೀತಿಯಲ್ಲೂ ಕಡಿಮೆಯಲ್ಲ.

ಹೀಗೆ ಕಲಿತವನು ಅಸ್ಕರ್‌ಗೆ ಹೋದಾಗ ವ್ಯತ್ಯಾಸ ಗೊತ್ತಾಗುತ್ತದೆ. ಆಲ್ಬಾದ ಅಲ್ಯೂಮಿನಿಯಂ ಸ್ಮೆಲ್ಟರಿನ ಕುಂಡಗಳಲ್ಲಿ ಸುಮಾರು 960 ಡಿಗ್ರಿ ಸೆಲ್ಸಿಯಸ್ ಬಿಸಿಯ ದ್ರವ ಇರುತ್ತದೆ. ಅದರಲ್ಲಿ ಹರಿಯುವ ಭಾರೀ ವಿದ್ಯುತ್ತಿನಿಂದ ಸುತ್ತ ಬಲವಾದ ಅಯಸ್ಕಾಂತ ಕ್ಷೇತ್ರ, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರ ಹೋಗುವಂತಿಲ್ಲ. ಇಂಥಲ್ಲಿ ಆಯಾ ಕೆಲಸಕ್ಕೆ ಬರೆದುಕೊಡುವ ಅನುಮತಿ ಪತ್ರ (ವರ್ಕ್ ಪರ್ಮಿಟ್) ಇಲ್ಲದೆ ಸ್ಪ್ಯಾನರ್ ಎತ್ತುವಂತಿಲ್ಲ, ವಿದ್ಯುತ್ ಕಡಿದು ಬೀಗ ಹಾಕದೆ ಯಂತ್ರ ಬಿಚ್ಚುವಂತಿಲ್ಲ. ಬಯಲಿನ ಕೆಲಸಕ್ಕೆ ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ನಿಷೇಧವಿದೆ. ಮೊದಲು ಜುಲೈ, ಆಗಸ್ಟ್ ಎರಡೇ ತಿಂಗಳಿದ್ದದ್ದನ್ನು 2025ರಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ಕ್ಕೆ ವಿಸ್ತರಿಸಿದರು. ಇಂಥ ಶಿಸ್ತು ಮೈಗೂಡಿಸಿಕೊಂಡು ಬಂದ ಇಪ್ಪತ್ತೆರಡರ ಹುಡುಗನನ್ನೂ, ಅಲ್ಲಿಗೆ ಬಂದ ಮೇಲೆಯೇ ಹೆಲ್ಮೆಟ್ ಮೊದಲ ಸಲ ಹಾಕಿಕೊಂಡ ಹದಿನೆಂಟರ ಹುಡುಗನನ್ನೂ ಫೋರ್‌ಮನ್ ಒಂದೇ ರೀತಿ ನೋಡುವುದಿಲ್ಲ. ಟ್ರೇಡ್ ಟೆಸ್ಟಿನಲ್ಲಿ ಕೈ ನೋಡುತ್ತಾರೆ, ಆಮೇಲೆ ಸರ್ಟಿಫಿಕೇಟ್ ಮತ್ತು ಅನುಭವದ ಪತ್ರ ಕೇಳುತ್ತಾರೆ.

"ಟ್ರೇನಿ ವೀಸಾ ಇದೆ, ಎರಡು ಲಕ್ಷ ಕೊಡಿ" ಎಂದು ಊರಿಗೆ ಬರುವವರ ಬಗ್ಗೆಯೂ ಒಂದು ಮಾತು. ಭಾರತದಲ್ಲಿ ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ, ಅದಕ್ಕೂ ರಸೀದಿ ಕೊಡಬೇಕು. ಏಜೆಂಟರ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ವಿಸಿಟ್ ವೀಸಾದಲ್ಲಿ ಕಳುಹಿಸಿ ಅಲ್ಲಿ ಬದಲಾಯಿಸುತ್ತೇವೆ ಎನ್ನುವವರನ್ನು ಬಾಗಿಲಿನಲ್ಲೇ ನಿಲ್ಲಿಸಿ.

ಕೊನೆಗೆ ಕರಾರಿನ ಕಾಗದ. ಮಗನಿಗೆ 18 ತುಂಬಿಲ್ಲದಿದ್ದರೆ ಅಪ್ರೆಂಟಿಸ್ ಕರಾರಿಗೆ ಕಂಪನಿಯ ಜೊತೆ ಸಹಿ ಹಾಕುವವರು ಪೋಷಕರಾದ ನೀವು. ಸಕಾರಣವಿಲ್ಲದೆ ಅವನು ನಡುವೆ ಬಿಟ್ಟರೆ ತರಬೇತಿಯ ಖರ್ಚು ಕೊಡಿ ಎಂದು ಕಂಪನಿ ನಿಮ್ಮನ್ನೂ ಕೇಳಬಹುದು. ಕಂಪನಿಯೇ ತಪ್ಪಿದರೆ ಪರಿಹಾರ ಕೊಡಬೇಕಾದ್ದು ಅದು. ಕಸುಬಿನ ಹೆಸರು, ಅವಧಿ, ಸ್ಟೈಪೆಂಡ್ ಓದಿ ನೋಡಿ, ಕರಾರು ನೋಂದಣಿಯಾಗಿದೆಯೇ ಕೇಳಿ, ಒಂದು ಪ್ರತಿಯನ್ನು ಅವತ್ತೇ ಮನೆಗೆ ತನ್ನಿ.