ಶಾಲಾಸಿದ್ಧಿ: ಶಾಲೆಯ ಸ್ವಮೌಲ್ಯಮಾಪನ

ಶಾಲೆಯ ಲೋಪವನ್ನು ಅಲ್ಲಿಯ ಉಪಾಧ್ಯಾಯರೇ ಮೊದಲು ಕಾಣಬೇಕೆಂಬ ತತ್ತ್ವವನ್ನು ಆಶ್ರಯಿಸಿ, ಅಂದಿನ ರಾಷ್ಟ್ರೀಯ ಶೈಕ್ಷಿಕ ಯೋಜನೆ ಮತ್ತು ಆಡಳಿತ ವಿಶ್ವವಿದ್ಯಾಲಯದಿಂದ ರೂಪಿತವಾಗಿ, 2015ರ ನವೆಂಬರಿನಲ್ಲಿ ಉದ್ಘಾಟಿತವಾದ ‘ಶಾಲಾಸಿದ್ಧಿ’ ಕಾರ್ಯಕ್ರಮವು, 7 ಪ್ರಧಾನ ಕ್ಷೇತ್ರಗಳನ್ನೂ ಅವುಗಳಲ್ಲಿ ಹಂಚಿದ 46 ಮೂಲ ಮಾನಕಗಳನ್ನೂ ಒಳಗೊಂಡಿರುತ್ತದೆ. ಕಟ್ಟಡ, ಕುಡಿಯುವ ನೀರು, ಗ್ರಂಥಾಲಯ ಮೊದಲಾದ ಸಂಪನ್ಮೂಲಗಳಿಗೆ 12 ಮಾನಕಗಳು ಮೀಸಲಾಗಿದ್ದರೂ, ಬೋಧನೆ, ಕಲಿಕೆ ಮತ್ತು ಮೌಲ್ಯನಿರ್ಣಯಕ್ಕೆ ಸಂಬಂಧಿಸಿದ 9 ಮಾನಕಗಳೇ ಈ ಚೌಕಟ್ಟಿನ ಜೀವಾಳವೆಂದು ಭಾವಿಸಬೇಕಾಗಿದೆ. ಏಕೆಂದರೆ, ಮಗುವಿನ ಓದುಬರಹವು ಎಲ್ಲಿ ತಡೆದು ನಿಂತಿತೆಂಬುದನ್ನು ನಿತ್ಯವೂ ತರಗತಿಯಲ್ಲಿರುವವರು ಅರಿಯುವಷ್ಟು ಆಗಂತುಕ ಪರೀಕ್ಷಕರು ಅರಿಯಲಾರರು. ಪ್ರತಿಯೊಂದು ಮಾನಕದಲ್ಲಿಯೂ ಶಾಲೆಯು ತಾನು 3 ಹಂತಗಳ ಪೈಕಿ ಯಾವುದರಲ್ಲಿರುವುದೆಂಬುದನ್ನು ಸಾಧಾರವಾಗಿ ಗುರುತಿಸಿಕೊಂಡು, ಸುಧಾರಣೆಯ ಆದ್ಯತೆಯನ್ನು ನಿರ್ಧರಿಸತಕ್ಕದ್ದು. ಬಾಹ್ಯ ಮೌಲ್ಯಮಾಪನವು ಇದಕ್ಕೆ ಪೂರಕ. ಹೀಗೆ ಲಭಿಸಿದ ಅರಿವು, 2009ರ ಶಿಕ್ಷಣ ಹಕ್ಕು ಅಧಿನಿಯಮದ 22ನೆಯ ಪ್ರಕರಣವು ವಿಧಿಸುವ ಶಾಲಾಭಿವೃದ್ಧಿ ಯೋಜನೆಯಲ್ಲಿ ಕಾರ್ಯರೂಪಕ್ಕೆ ಬರಬೇಕು.