ಹೆಸರಾಂತ ಖಾಸಗಿ ಲಾ ಕಾಲೇಜು: ಸೇರುವ ಮೊದಲು ಒಂದು ಲೆಕ್ಕ



ರಾಜ್ಯಶಾಸ್ತ್ರದಲ್ಲಿ ನ್ಯಾಯಾಂಗದ ಪಾಠ ಮುಗಿದ ಮೇಲೆ ಪ್ರತಿ ವರ್ಷ ನಾಲ್ಕೈದು ಮಂದಿ ಸ್ಟಾಫ್ ರೂಮಿಗೆ ಬಂದು, "ಸರ್, ಪಿಯುಸಿ ಆದ ಮೇಲೆ ಲಾ ಮಾಡಬಹುದಾ?" ಎಂದು ನನ್ನನ್ನು ಕೇಳುತ್ತಾರೆ. ಈಚೆಗೆ ಜಿಂದಾಲ್, ಸಿಂಬಯಾಸಿಸ್, ಕ್ರೈಸ್ಟ್ ಎಂಬ ಹೆಸರುಗಳೂ ಆ ಪ್ರಶ್ನೆಯ ಜೊತೆ ಬರುತ್ತಿವೆ. ಅದಕ್ಕಾಗಿ ಹೊಲ ಮಾರುವ ಮಾತು ಆಡಿದ ತಂದೆಯರನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಅವರಿಗೆ ಹೇಳುವುದನ್ನು ಎಲ್ಲರಿಗೂ ಇಲ್ಲಿ ಬರೆಯುತ್ತಿದ್ದೇನೆ.

ಸನದು ಎಲ್ಲರಿಗೂ ಒಂದೇ

ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಬಿ.ಎ. ಎಲ್‌ಎಲ್.ಬಿ. ಇದೆ. ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಸೇರಬಹುದು. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಅಂಕ ಬೇಕು. ಪರಿಷತ್ತಿನ ಮಾನ್ಯತೆ ಇರುವ ಯಾವ ಕಾಲೇಜಿನಲ್ಲಿ ಓದಿದರೂ, 1961ರ ವಕೀಲರ ಕಾಯ್ದೆಯಂತೆ ಹೆಸರು ನೋಂದಾಯಿಸಿ, ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ಹರಿಯಾಣದ ಸೋನಿಪತ್‌ನಲ್ಲಿ ಓದಿದವರಿಗೂ ಕಲಬುರಗಿಯಲ್ಲಿ ಓದಿದವರಿಗೂ ಇದೇ ದಾರಿ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ದೊಡ್ಡ ಖಾಸಗಿ ಕಾಲೇಜುಗಳಲ್ಲಿ ಒಳ್ಳೆಯ ಗ್ರಂಥಾಲಯ, ಅಣಕು ನ್ಯಾಯಾಲಯ ಸ್ಪರ್ಧೆಗಳು, ವಿದೇಶಿ ವಿಶ್ವವಿದ್ಯಾಲಯಗಳ ಸಂಪರ್ಕ ಇರುತ್ತವೆ. ಮುಂಬೈ, ದೆಹಲಿಯ ದೊಡ್ಡ ಲಾ ಫರ್ಮ್‌ಗಳು ಅಲ್ಲಿಗೆ ಬಂದು ವಿದ್ಯಾರ್ಥಿಗಳನ್ನು ಆರಿಸುತ್ತವೆ. ಕಂಪನಿ ಕಾನೂನಿನಲ್ಲಿ ಕೆಲಸ ಮಾಡಬೇಕೆಂಬವರಿಗೆ ಇದು ನಿಜವಾದ ಲಾಭ. ಆದರೆ ಶಹಾಪುರ, ಸುರಪುರದ ಕೋರ್ಟಿನಲ್ಲಿ ವಕೀಲಿ ಮಾಡುವವರನ್ನು ಕಕ್ಷಿದಾರರು ಯಾವ ಕಾಲೇಜು ಎಂದು ಕೇಳುವುದಿಲ್ಲ.

ಸಾಲದ ಲೆಕ್ಕ

ಇಂಥ ಕಾಲೇಜುಗಳಲ್ಲಿ ಶುಲ್ಕ, ಹಾಸ್ಟೆಲ್ ಸೇರಿ ವರ್ಷಕ್ಕೆ ಹಲವು ಲಕ್ಷ ರೂಪಾಯಿ ಬೇಕು. 20 ಲಕ್ಷ ರೂಪಾಯಿ ಸಾಲವನ್ನು ಶೇ. 10ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 26,400 ರೂಪಾಯಿ. ಓದುವ ಐದು ವರ್ಷದ ಬಡ್ಡಿ ಬೇರೆ. ಹಿರಿಯ ವಕೀಲರ ಕೈಕೆಳಗೆ ಜೂನಿಯರ್ ಆಗಿ ಸೇರಿದವರ ಮೊದಲ ವರ್ಷಗಳ ಗಳಿಕೆಯಲ್ಲಿ ಈ ಕಂತು ಕಟ್ಟುವುದು ಬಹಳ ಕಷ್ಟ. ನ್ಯಾಯಾಧೀಶರಾಗಬೇಕೆಂಬವರೂ ಈ ಹಂತ ದಾಟಲೇಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಅನುಭವ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಸಾಲ ಮಾಡಿ ಓದಿದವರು ಎಷ್ಟೋ ಸಲ ತಮಗೆ ಬೇಕಾದ ಕೆಲಸವನ್ನಲ್ಲ, ಕಂತು ಕಟ್ಟುವ ಕೆಲಸವನ್ನು ಆರಿಸಿಕೊಳ್ಳಬೇಕಾಗುತ್ತದೆ.

ಮೊದಲು ಕ್ಲ್ಯಾಟ್ ಬರೆಯಿರಿ

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ, ನಮಗೆ ಹತ್ತಿರದ ಹೈದರಾಬಾದಿನ ನಲ್ಸಾರ್ ಮುಂತಾದವು ಕ್ಲ್ಯಾಟ್ ಪರೀಕ್ಷೆಯ ಮೂಲಕ ಪ್ರವೇಶ ಕೊಡುತ್ತವೆ. ಎರಡು ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಗಣಿತ ಇರುತ್ತದೆ. ಈಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರ್‌ನಲ್ಲಿ ನಡೆಯುತ್ತಿರುವುದರಿಂದ ಪ್ರಥಮ ಪಿಯುಸಿಯಲ್ಲೇ ತಯಾರಿ ಶುರುವಾಗಬೇಕು. ಪರೀಕ್ಷೆ ಇಂಗ್ಲಿಷಿನಲ್ಲಿ, ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದುವ ಅಭ್ಯಾಸ ಇಂದೇ ಆರಂಭಿಸಿ. ಬೆಂಗಳೂರಿನ ಶಾಲೆಯಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ. 25 ಸೀಟುಗಳಿವೆ. ಅಲ್ಲಿಯೂ ಶುಲ್ಕ ಲಕ್ಷಗಳಲ್ಲಿದೆ, ಆದರೆ ಬಡ ವಿದ್ಯಾರ್ಥಿಗಳಿಗೆ ಹಣದ ನೆರವೂ ಉಂಟು.

ಅದೇ ಶಾಲೆಯಲ್ಲಿ ಓದಿದ ಕೇರಳದ ಕಾನೂನು ವಿದ್ವಾಂಸ ಶಮ್ನಾದ್ ಬಷೀರ್ 2010ರಲ್ಲಿ 'ಇಡಿಯಾ' ಎಂಬ ಸಂಸ್ಥೆ ಕಟ್ಟಿದರು. ಬಡ, ಹಿಂದುಳಿದ ಮಕ್ಕಳಿಗೆ ಕ್ಲ್ಯಾಟ್ ತರಬೇತಿ ಕೊಟ್ಟು, ಸೀಟು ಸಿಕ್ಕ ಮೇಲೂ ಬೆನ್ನಿಗೆ ನಿಲ್ಲುವುದು ಅದರ ಕೆಲಸ. ಅವರು 2019ರಲ್ಲಿ ತೀರಿಕೊಂಡರೂ ಸಂಸ್ಥೆ ನಡೆಯುತ್ತಿದೆ. ಅರ್ಹರು ಸಂಪರ್ಕಿಸಿ.

ಹತ್ತಿರದ ಕಾಲೇಜು ಕೀಳಲ್ಲ

2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದಲ್ಲಿ ಕಲಬುರಗಿಯಲ್ಲೂ ಕಾಲೇಜುಗಳಿವೆ. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುವ ಪೋಷಕರು ಇದನ್ನು ಗಮನಿಸಲಿ. 2008ರಲ್ಲಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠವೂ ಅಲ್ಲೇ ಇದೆ. ನಮ್ಮ ನೆರೆಯ ರಾಯಚೂರು ಜಿಲ್ಲೆಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ವಕೀಲಿ ಮಾಡಿದ ಶಿವರಾಜ ಪಾಟೀಲರು 2000ದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ಇನ್ನೊಂದು ಮಾತು. ನಮ್ಮ ಭಾಗ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಆ ಕಾಲದ ಜಮೀನು, ವಕ್ಫ್ ಕಾಗದಗಳು ಉರ್ದುವಿನಲ್ಲಿವೆ. ಕೆಳ ಕೋರ್ಟುಗಳ ಭಾಷೆ ಕನ್ನಡ, ಹೈಕೋರ್ಟಿನದು ಇಂಗ್ಲಿಷ್. ಈ ಮೂರನ್ನೂ ಓದಬಲ್ಲ ವಕೀಲರು ಇಲ್ಲಿ ಬೇಕಾಗಿದ್ದಾರೆ. ಮನೆಯಲ್ಲಿ ಕಲಿತ ಉರ್ದುವನ್ನು ಬಿಡಬೇಡಿ, ಕನ್ನಡವನ್ನು ಕಡೆಗಣಿಸಬೇಡಿ.

ಹಣ ಕಟ್ಟುವ ಮೊದಲು ಕೇಳಿ

1. ಈ ಕೋರ್ಸಿಗೆ ವಕೀಲರ ಪರಿಷತ್ತಿನ ಮಾನ್ಯತೆ ಇದೆಯೇ?
2. ಹಾಸ್ಟೆಲ್, ಪರೀಕ್ಷೆ, ಠೇವಣಿ ಸೇರಿ ಐದು ವರ್ಷಕ್ಕೆ ಒಟ್ಟು ಎಷ್ಟು? ಪ್ರತಿ ವರ್ಷ ಶುಲ್ಕ ಏರುತ್ತದೆಯೇ?
3. ವಿದ್ಯಾರ್ಥಿವೇತನ ಐದೂ ವರ್ಷಕ್ಕೋ, ಮೊದಲ ವರ್ಷಕ್ಕೆ ಮಾತ್ರವೋ? ಅಂಕ ಕಡಿಮೆಯಾದರೆ ನಿಲ್ಲುತ್ತದೆಯೇ?
4. ಕೆಲಸ ಸಿಕ್ಕವರು ತರಗತಿಯ ಎಷ್ಟು ಮಂದಿ? ಅತಿ ಹೆಚ್ಚಿನ ಸಂಬಳವನ್ನಲ್ಲ, ನಡುಮಟ್ಟದ ಸಂಬಳವನ್ನು ಕೇಳಿ.
5. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಸಾಲ ಯೋಜನೆಯ ಪಟ್ಟಿಯಲ್ಲಿ ಈ ಸಂಸ್ಥೆ ಇದೆಯೇ? ಇದ್ದರೆ ಜಾಮೀನಿಲ್ಲದೆ ಸಾಲ ಸಿಗುತ್ತದೆ.

ಪೂರ್ಣ ವಿದ್ಯಾರ್ಥಿವೇತನ ಸಿಕ್ಕರೆ ಖಾಸಗಿ ಕಾಲೇಜಿಗೆ ಧೈರ್ಯವಾಗಿ ಹೋಗಿ. ಸಿಗದಿದ್ದರೆ ಕ್ಲ್ಯಾಟ್, ಅದಾದ ಮೇಲೆ ಕಲಬುರಗಿ. ಇದು ನನ್ನ ಸಲಹೆ. ಹೊಲ ಮಾರಿ ಹೋಗುವುದು ಬೇಡ. ಅರ್ಜಿ ತುಂಬುವವರು ಪೋಷಕರನ್ನು ಕರೆದುಕೊಂಡು ಬನ್ನಿ, ಕೂತು ಲೆಕ್ಕ ಹಾಕೋಣ.